ಕಾಲೊತ್ತಿದರೆ ಓಗೊಡಬೇಕು

ಬೇಸಗೆಯ ನಡುಹಗಲು ಇಂಜಿನ್ನಿಗೂ ಆಗಿಬರುವುದಿಲ್ಲ, ಸೋಲಾರ್ ಫಲಕಕ್ಕೂ ಆಗಿಬರುವುದಿಲ್ಲ. ಕಾದ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದೆ ತಾನೇ ಉಸಿರೆಳೆದುಕೊಳ್ಳುವ ಇಂಜಿನ್ನಿಗೆ ಸಿಲಿಂಡರ್ ತುಂಬ ಗಾಳಿ ಸಿಕ್ಕರೂ ಆಮ್ಲಜನಕ ಕಮ್ಮಿ, ಬಲವೂ ಕಮ್ಮಿ. ಫಲಕದ ಪಾಡೂ ಅದೇ. 25 ಡಿಗ್ರಿ ದಾಟಿ ಮೈ ಕಾದಂತೆಲ್ಲ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲಿ ನಿಂತಾಗ ರೇಸಿನ ಹುಚ್ಚು ಹತ್ತಿದ ನನ್ನಂಥವನಿಗೆ ಈ ಎರಡೂ ಒಟ್ಟಿಗೇ ನೆನಪಾಗುತ್ತವೆ. ತಿರುಮಣಿ, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ವಳ್ಳೂರು: ಈ ಐದು ಊರುಗಳ 13,000 ಎಕರೆಯಲ್ಲಿ ಹರಡಿರುವುದು 2,050 ಮೆಗಾವಾಟಿನ ಸೋಲಾರ್ ಪಾರ್ಕ್. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಕಡ್ಲೇಕಾಯಿ ಬೆಳೆಯುತ್ತಿದ್ದ ಕೆಂಪು ನೆಲ ಈಗ ಕರೆಂಟು ಬೆಳೆಯುತ್ತದೆ.

ಆ ಕರೆಂಟಿನ ಮೇಲೆ ನನಗೆ ಮುನಿಸಿಲ್ಲ. ಆದರೂ ಹಳೆಯ ಮಾರುತಿ ಜಿಪ್ಸಿಯ 1.3 ಲೀಟರ್ ಇಂಜಿನ್ ರ‍್ಯಾಲಿಯ ಮಣ್ಣುರಸ್ತೆಯಲ್ಲಿ ಏರುದನಿಯಲ್ಲಿ ಹತ್ತಿರವಾಗುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಕ್ಸಿಲರೇಟರ್ ಒತ್ತುತ್ತೀರಿ, ಥ್ರಾಟಲ್ ತೆರೆದುಕೊಳ್ಳುತ್ತದೆ, ಪಿಸ್ಟನ್ ಕೆಳಗಿಳಿದು ತೆರವಾದ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ನಡುವೆ ದಲ್ಲಾಳಿ ಇಲ್ಲ. ಪಾದ ಒಂದು ಎಳೆ ಅಲುಗಿದರೂ ಹಿಂದಿನ ಚಕ್ರಕ್ಕೆ ಗೊತ್ತಾಗುತ್ತದೆ. ಜಾರುವ ತಿರುವಿನಲ್ಲಿ ಗಾಡಿ ಹಿಡಿತದಲ್ಲಿ ಉಳಿಯುವುದೇ ಇದರಿಂದ. ಟರ್ಬೊ ಇರುವ ಗಾಡಿಯಲ್ಲಿ ಮೊದಲು ಹೊಗೆ ಹೊರಟು, ಅದು ಟರ್ಬೈನ್ ತಿರುಗಿಸಿ, ಅದರಿಂದ ಗಾಳಿ ಒತ್ತಿಕೊಂಡು ಬರಬೇಕು. ಬಲ ಜಾಸ್ತಿ, ನಿಜ. ಕಾಯಬೇಕಾದದ್ದೂ ನಿಜ.

ಫಾರ್ಮುಲಾ ಒನ್ 2013ರ ತನಕ 2.4 ಲೀಟರಿನ ವಿ8 ಇಂಜಿನ್ನನ್ನು ನಿಮಿಷಕ್ಕೆ 18,000 ಸುತ್ತು ತಿರುಗಿಸಿತು. 2014ರಲ್ಲಿ 1.6 ಲೀಟರಿನ ಟರ್ಬೊ ಹೈಬ್ರಿಡ್ ಬಂತು. ಸದ್ದು ಸತ್ತಿತೆಂದು ಜನ ಅತ್ತರು, ನಾನೂ ಅತ್ತೆ. ಆದರೆ ಆ ಹೈಬ್ರಿಡ್ಡಿನೊಳಗೆ ನನಗೆ ಬಹಳ ಇಷ್ಟವಾದ ಸಂಗತಿಯೊಂದಿತ್ತು: ಟರ್ಬೊದ ದಂಡಕ್ಕೇ ಒಂದು ವಿದ್ಯುತ್ ಮೋಟಾರು. ಹೊಗೆಗಾಗಿ ಕಾಯದೆ ಅದು ಟರ್ಬೊವನ್ನು ತಿರುಗಿಸಿಬಿಡುತ್ತಿತ್ತು. ಟರ್ಬೊ ಇಲ್ಲದ ಇಂಜಿನ್ನಿನ ಚುರುಕನ್ನು ಮರಳಿ ತರಲು ಕರೆಂಟಿನ ಸಹಾಯವೇ ಬೇಕಾಯಿತು! 2026ರ ನಿಯಮದಲ್ಲಿ ಆ ಮೋಟಾರನ್ನು ಕೈಬಿಟ್ಟು, ಚಕ್ರಕ್ಕೆ ಬಲ ಕೊಡುವ ಮೋಟಾರನ್ನು 350 ಕಿಲೋವಾಟಿಗೆ ಏರಿಸಿದ್ದಾರೆ.

ಹೀಗಾಗಿಯೇ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನೂ ಬರೀ ವಿದ್ಯುತ್ ಮೋಟಾರೂ ನನಗೆ ಬದ್ಧವೈರಿಗಳಾಗಿ ಕಾಣುವುದಿಲ್ಲ. ಕಾಲಿನ ಮಾತನ್ನು ಎರಡೂ ತಕ್ಷಣ ಕೇಳುತ್ತವೆ, ಕೇಳುವುದರಲ್ಲಿ ಮೋಟಾರು ಒಂದು ಕೈ ಮೇಲೆಯೇ. ಅದರಲ್ಲಿ ಇಲ್ಲದ್ದು ಆರೋಹಣ: ಸುತ್ತು ಏರಿದಂತೆ ಬಲವೂ ದನಿಯೂ ಜೊತೆಯಾಗಿ ಮೇಲೇರುವ ಆ ಸುಖ. ಅದಕ್ಕೆ ಬದಲಿ ನನಗಿನ್ನೂ ಸಿಕ್ಕಿಲ್ಲ.

ಬೆಂಗಳೂರಿನ ಮೈನಿ ಮನೆತನದಲ್ಲಿ ಎರಡೂ ಇವೆ. ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸನ್‌ರನ್ನರ್ ಎಂಬ ಸೌರ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಅಮೆರಿಕದ ಸನ್‌ರೇಸ್ ಗೆದ್ದು, ಆಸ್ಟ್ರೇಲಿಯಾದಲ್ಲಿ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿಲೋಮೀಟರಿನ ಓಟದಲ್ಲಿ ಮೂರನೆಯದಾಯಿತು. ಮುಂದೆ ಅವರೇ ರೇವಾ ಎಂಬ ವಿದ್ಯುತ್ ಕಾರು ಕಟ್ಟಿದರು; 2010ರಲ್ಲಿ ಅದು ಮಹೀಂದ್ರದ ಕೈಸೇರಿತು. ಅದೇ ಮಹೀಂದ್ರ 2014ರ ಮೊದಲ ಋತುವಿನಿಂದಲೂ ವಿದ್ಯುತ್ ಕಾರುಗಳ ರೇಸಾದ ಫಾರ್ಮುಲಾ ಇಯಲ್ಲಿದೆ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲೂ ಓಡಿತು. ಚೇತನ್ ಅವರ ಅಣ್ಣನ ಮಗ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ಕಾರು ರೇಸಿನಲ್ಲಿ ಓಡಿಸಿದ ಮರ್ಸಿಡಿಸ್‌ನಲ್ಲಿ ಇದ್ದದ್ದು ಟರ್ಬೊ ಇಲ್ಲದ 6.2 ಲೀಟರಿನ ವಿ8. ಚಿಕ್ಕಪ್ಪನ ಬಿಸಿಲು, ಮಗನ ಗುಡುಗು.

ನನ್ನ ಆಸೆ ಹೇಳಿಬಿಡುತ್ತೇನೆ. ಸಿರಾ, ಮಧುಗಿರಿ, ಕೊರಟಗೆರೆ ಸುತ್ತಿ ಪಾವಗಡಕ್ಕೆ ಬರುವ ಒಂದು ರ‍್ಯಾಲಿ ನಡೆಯಬೇಕು. ಒಂದು ವರ್ಗಕ್ಕೆ ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗಳು, ಇನ್ನೊಂದಕ್ಕೆ ವಳ್ಳೂರಿನಲ್ಲೇ ಚಾರ್ಜ್ ಆದ ಗಾಡಿಗಳು. ಫಲಕಗಳ ಮೇಲೆ ದೂಳು ಕೂತರೆ ಕರೆಂಟಿಗೆ ಪೆಟ್ಟು. ಆದ್ದರಿಂದ ಮಣ್ಣಿನ ಸ್ಟೇಜುಗಳನ್ನು ಪಾರ್ಕಿನಿಂದ ದೂರ, ನಿಡಗಲ್ಲು ಬೆಟ್ಟದ ಕಡೆಗೆ ಇಡುವುದೇ ವಾಸಿ.