ಸೊಂಟನೋವಿನ ಪಾಠ: ಮಕ್ಕಳು ಮನೆಯಿಂದ ತಂದ ಉತ್ತರಗಳು

ಈ ಸಲದ ಬೋಧನಾಭ್ಯಾಸಕ್ಕೆ ನನಗೆ ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತು. ಸಹಪಾಠಿಗಳಾದ ಮೂವರು ಕೋಲಾರ, ಮಾಲೂರು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಶಾಲೆಗಳಿಗೆ ಹೋದರು. ಒಂಬತ್ತನೇ ತರಗತಿಗೆ ಆರೋಗ್ಯ ಶಿಕ್ಷಣದ ಒಂದು ಪಾಠವನ್ನು ನಾವೇ ಆಯ್ದು ಸಿದ್ಧಪಡಿಸಬೇಕಿತ್ತು. ನಾಲ್ವರೂ ಸೊಂಟನೋವನ್ನು ಆರಿಸಿಕೊಂಡೆವು. ದಿನವೂ ಬಸ್ಸಿನಲ್ಲಿ ನಿಂತು ಓಡಾಡಿ, ರಾತ್ರಿ ಚಾಪೆಯ ಮೇಲೆ ಬಗ್ಗಿ ರೆಕಾರ್ಡ್ ಬರೆದು ನಮಗೇ ಅದರ ಪರಿಚಯ ಚೆನ್ನಾಗಿ ಆಗಿತ್ತು. ನನಗೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷದಿಂದ ನನ್ನ ಅಮ್ಮ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ನುಂಗಿಯೇ ಹೊಲಕ್ಕೆ ಹೋಗುತ್ತಿದ್ದರು.

ಕಾರಣಗಳ ಪಟ್ಟಿ, ಪರಿಹಾರಗಳ ಪಟ್ಟಿ ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದರ ಬದಲು ಎರಡು ದಿನ ಮೊದಲೇ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಮನೆಯಲ್ಲಿ ಸೊಂಟನೋವು ಇರುವ ಒಬ್ಬರನ್ನು ಆರಿಸಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಅವರ ಬೆನ್ನು ಏನೇನು ಮಾಡಿತು ಎಂದು ಬರೆದು ತರಬೇಕು. ನನ್ನ ತರಗತಿಯ ಅನೇಕ ಮಕ್ಕಳ ಮನೆಮಾತು ತೆಲುಗು. ಮನೆಯಲ್ಲಿ ‘ನಡುಮು ನೊಪ್ಪಿ’ ಎಂದು ಕೇಳಿ ಎಂದೆ. ಕನ್ನಡದ ನಡು, ತೆಲುಗಿನ ನಡುಮು ಎರಡೂ ಒಂದೇ ಎಂದು ಮಕ್ಕಳೇ ಕಂಡುಕೊಂಡರು.

ನಾಲ್ಕು ಶಾಲೆಗಳ ಬರಹಗಳನ್ನು ಭಾನುವಾರ ಒಟ್ಟಿಗೆ ಓದಿದೆವು. ನೋವಿನ ಹೆಸರು ಒಂದೇ ಆದರೂ ದಿನಚರಿಗಳು ಬೇರೆ ಬೇರೆ. ಕೋಲಾರದ ಮಕ್ಕಳ ಅಪ್ಪಂದಿರು ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎತ್ತಿ, ಸೊಂಟ ತಿರುಗಿಸಿ ಲಾರಿಗೆ ಜೋಡಿಸುವವರು. ಮಾಲೂರಿನಿಂದ ಇಟ್ಟಿಗೆ, ಹೆಂಚಿನ ಕೆಲಸದವರು ಬಂದರು. ಕುಕ್ಕರುಗಾಲಲ್ಲಿ ಕುಳಿತು ಅಚ್ಚು ಹಾಕುವುದು, ಆಮೇಲೆ ತಲೆಹೊರೆ. ಅಲ್ಲಿಂದಲೇ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ದಿನವಿಡೀ ಕುರ್ಚಿಯಲ್ಲಿ ಕೂರುವ ಒಬ್ಬ ಅಣ್ಣನ ದಿನಚರಿಯೂ ಇತ್ತು. ಶ್ರೀನಿವಾಸಪುರದಿಂದ ಮಾವಿನ ಸುಗ್ಗಿ: ನೆಲದಲ್ಲಿ ಬಗ್ಗಿ ಕಾಯಿ ವಿಂಗಡಿಸುವ ಹೆಂಗಸರು, ಹಿಂದೊಮ್ಮೆ ಮರದಿಂದ ಬಿದ್ದು ಇಂದಿಗೂ ನೋವು ಉಳಿಸಿಕೊಂಡ ಒಬ್ಬ ಮಾವ. ಮುಳಬಾಗಿಲಿನ ಬರಹಗಳಲ್ಲಿ ಮತ್ತೆ ಮತ್ತೆ ಕಂಡದ್ದು ಕುಡಿಯುವ ನೀರಿನ ಘಟಕದಿಂದ ಒಂದೇ ಕೈಯಲ್ಲಿ ಹೊತ್ತು ತರುವ 20 ಲೀಟರ್ ಕ್ಯಾನ್, ಅಂದರೆ 20 ಕೆ.ಜಿ. ಭಾರ.

ಪಾಠ ಇಲ್ಲಿಂದ ಶುರುವಾಯಿತು. ಒಂದು ಲೀಟರಿನ ನೀರಿನ ಬಾಟಲಿಯನ್ನು ಮೊದಲು ಎದೆಗೆ ಒತ್ತಿ ಹಿಡಿಯಲು ಹೇಳಿದೆ; ಆಮೇಲೆ ಕೈ ಪೂರ್ತಿ ಚಾಚಿ. ಒಂದು ನಿಮಿಷದೊಳಗೆ ಕೈಗಳು ನಡುಗತೊಡಗಿದವು. ಭಾರ ಅಷ್ಟೇ, ದೂರ ಹೆಚ್ಚಿತು. ಸೊಂಟದ ಐದು ಕಶೇರುಮಣಿಗಳು, ಅವುಗಳ ನಡುವಿನ ಮೆತ್ತೆಗಳು, ಸುತ್ತಲಿನ ಸ್ನಾಯುಗಳು ಈ ದೂರದ ಭಾರವನ್ನೇ ಹೊರುತ್ತವೆ. ಸನ್ನೆಕೋಲಿನ ಪಾಠವೂ ಅಲ್ಲೇ ಆಯಿತು. ಮಂಡಿ ಬಗ್ಗಿಸಿ ಕೂತು, ವಸ್ತುವನ್ನು ಮೈಗೆ ಹತ್ತಿರ ಹಿಡಿದು, ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕೆಂದು ಮಕ್ಕಳೇ ಹೇಳಿದರು. ಕ್ಯಾನಿನ ಬದಲು ಎರಡೂ ಕೈಗೆ ಹತ್ತು ಹತ್ತು ಲೀಟರಿನ ಕೊಡ ಸಾಲದೇ ಎಂದದ್ದು ಹಿಂದಿನ ಬೆಂಚಿನ ಹುಡುಗ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಇದೇ ರೋಗವೆಂದು ಬೆರಳಿಟ್ಟು ತೋರಿಸುವ ಒಂದು ಕಾರಣ ಸಿಗುವುದಿಲ್ಲ. ಹೊಸದಾಗಿ ಬಂದ ಇಂಥ ನೋವು ಬಹುಪಾಲು ಕೆಲವು ವಾರಗಳಲ್ಲಿ ತಗ್ಗುತ್ತದೆ. ಹಾಸಿಗೆ ಹಿಡಿದು ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಆದಷ್ಟು ಓಡಾಡುವುದು, ಬಿಸಿನೀರಿನ ಶಾಖ, ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸುವುದು, ದಿನಾ ಸ್ವಲ್ಪ ನಡಿಗೆ: ಇವು ಖರ್ಚಿಲ್ಲದ ಮದ್ದು. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡವನ್ನೂ ಕೆಡಿಸಬಹುದು.

ಆದರೆ ಒಬ್ಬ ಹುಡುಗಿಯ ಬರಹ ಈ ಚೌಕಟ್ಟಿಗೆ ಕೂರಲಿಲ್ಲ. ಅವಳ ತಾತ ಈಗ ಭಾರ ಎತ್ತುವುದಿಲ್ಲ, ಬಗ್ಗುವುದೂ ಇಲ್ಲ. ಬಗ್ಗಲು ಆಗುವುದೇ ಇಲ್ಲ. ಕುತ್ತಿಗೆಯೂ ಬಿಗಿ. ನಮ್ಮ ಜಿಲ್ಲೆಯಲ್ಲಿ ಈ ಉತ್ತರವನ್ನು ಶಿಕ್ಷಕರು ಹಗುರವಾಗಿ ಬಿಡುವಂತಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರ ಜಿಲ್ಲೆ ದಶಕಗಳಿಂದ ಆಳದ ಕೊಳವೆಬಾವಿಯ ನೀರನ್ನು ನಂಬಿದೆ. ಹಲವು ಹಳ್ಳಿಗಳ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂವರೆಗೆ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿ.ಗ್ರಾಂ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚು ಒಳಗೆ ಹೋದರೆ ಮಕ್ಕಳ ಹಲ್ಲಿನಲ್ಲಿ ಕಲೆ, ದೊಡ್ಡವರ ಮೂಳೆ ಮತ್ತು ಕೀಲುಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ಆರೋಗ್ಯ ಕಾರ್ಯಕರ್ತರು ಮೂರು ಸರಳ ಚಲನೆ ಮಾಡಿಸಿ ನೋಡುತ್ತಾರೆ: ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಅದೇ ರೋಗವೆಂದಲ್ಲ, ವೈದ್ಯರಿಗೆ ತೋರಿಸಬೇಕೆಂದಷ್ಟೇ ಅರ್ಥ.

“ನೀರು ಕಾಯಿಸಿ ಕುಡಿದರೆ ಸಾಕಲ್ವಾ ಮಿಸ್?” ಎಂದು ಆ ಹುಡುಗಿ ಕೇಳಿದಳು. ಸಾಲದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ; ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಶುದ್ಧೀಕರಣ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅಡುಗೆಗೂ ಬಳಸಬೇಕು. ಚೊಕ್ಕಟವಾಗಿ ಹಿಡಿದಿಟ್ಟ ಮಳೆನೀರು ಇನ್ನೊಂದು ದಾರಿ. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿಯಂಥ ಆಹಾರವೂ ನೆರವಾಗುತ್ತದೆ. ಬಿಗಿದ ಬೆನ್ನು ಮೊದಲಿನಂತಾಗುವುದು ಕಷ್ಟ. ಆದರೆ ಅದೇ ಮನೆಯ ಮಗುವಿನ ಬೆನ್ನನ್ನು ಉಳಿಸಬಹುದು. ಮೂಳೆ ಉಳಿಸುವ ಆ ನೀರಿನ ಕ್ಯಾನೇ ಸೊಂಟ ನೋಯಿಸುತ್ತಿದೆ ಎಂದು ಗಮನಿಸಿದ್ದೂ ಮಕ್ಕಳೇ. ಹಾಗಾಗಿ ಆ ಹಿಂದಿನ ಬೆಂಚಿನ ಮಾತಿಗೆ ಬೆಲೆ ಬಂತು.

ಕೊನೆಯ ಐದು ನಿಮಿಷ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳಿಗೆ. ಬಿದ್ದ ನಂತರ ಬಂದ ನೋವು, ಕಾಲಿನ ಶಕ್ತಿ ಕುಂದುವುದು, ತೊಡೆಯ ಸಂದಿನಲ್ಲಿ ಮರಗಟ್ಟುವುದು, ಮಲಮೂತ್ರ ಹಿಡಿತ ತಪ್ಪುವುದು, ನೋವಿನ ಜೊತೆ ಜ್ವರ ಅಥವಾ ತೂಕ ಇಳಿಯುವುದು. ಕ್ಷಯ ಬೆನ್ನುಮೂಳೆಗೂ ತಗಲಬಹುದು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಉರಿಮೂತ್ರ ಇದ್ದರೆ ಮೂತ್ರಪಿಂಡದ ಕಲ್ಲಿರಬಹುದು. ಇವನ್ನು ನೋಟ್ಸಿನಲ್ಲಿ ಚೌಕ ಹಾಕಿ ಬರೆಸಿದೆ.

ಮುಂದಿನ ತರಗತಿಯಲ್ಲಿ ಬಿಸಿಯೂಟದ ತಕ್ಕಡಿ ತಂದು ಶಾಲಾ ಚೀಲ ತೂಗಿದೆವು. ನಮ್ಮ ರಾಜ್ಯದ 2019ರ ಆದೇಶದಂತೆ ಒಂಬತ್ತು, ಹತ್ತನೇ ತರಗತಿಯ ಚೀಲ 4ರಿಂದ 5 ಕೆ.ಜಿ. ಮೀರಬಾರದು. ಕೆಲವು ಚೀಲ ಆರು ದಾಟಿದವು. ವೇಳಾಪಟ್ಟಿ ನೋಡಿ ಪುಸ್ತಕ ತರುವ ಸರದಿಯನ್ನು ಬೆಂಚಿನ ಜೊತೆಗಾರರೇ ಹಂಚಿಕೊಂಡರು.

ಮಕ್ಕಳಿಗೆ ಕೊಟ್ಟ ಕೆಲಸವನ್ನು ನಾನೂ ಮಾಡಿದೆ. ಅಮ್ಮನ ಒಂದು ದಿನ: ಎರಡು ಹಸುವಿನ ಹಾಲು ಕರೆಯುವುದು, ಮೂರು ಗಂಟೆ ಬಗ್ಗಿ ಕಳೆ ಕೀಳುವುದು, ಎರಡು ಕ್ಯಾನ್ ನೀರು. ಆ ಹಾಳೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆವು. ವೈದ್ಯರು ಓದಿ, ಪರೀಕ್ಷಿಸಿ, ಅಪಾಯದ ಲಕ್ಷಣ ಇಲ್ಲವೆಂದರು. ದಿನದ ಮಾತ್ರೆ ನಿಲ್ಲಿಸಿ, ರಕ್ತಪರೀಕ್ಷೆ ಮಾಡಿಸಿದರು. ಈಗ ನೀರು ತರುವುದು ನಾನು. ಕಳೆ ಕೀಳುವಾಗ ಅಮ್ಮ ಒಂದೊಂದು ಸಾಲು ಮುಗಿದಾಗ ಎದ್ದು ನಿಲ್ಲುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಆದರೆ ಮಾತ್ರೆಯಿಲ್ಲದ ದಿನಗಳು ಬಂದಿವೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಆರೋಗ್ಯದ ಪಾಠಕ್ಕೆ ಪರಿಹಾರದ ಚಾರ್ಟ್ ಬರೆಯುವ ಮೊದಲು ಊರಿನ ದಿನಚರಿ ಕೇಳಿ. ಟೊಮೆಟೊ ಬಾಕ್ಸ್ ಎತ್ತುವವರಿಗೆ ಹೇಳಬೇಕಾದ ಮಾತು ಬೇರೆ, ಬಗ್ಗಲಾಗದ ತಾತನ ಮನೆಗೆ ಹೇಳಬೇಕಾದದ್ದು ಬೇರೆ. ಯಾವುದು ಯಾರಿಗೆ ಎಂಬುದು ಮಕ್ಕಳ ನೋಟ್‌ಪುಸ್ತಕದಲ್ಲೇ ಸಿಗುತ್ತದೆ.