ಕಿಸೆಯಿರುವ ಕಸವು

ಚಾಪೆ ತುಳಿಯಬೇಡಿ, ಮೇಲೆ ಬಟ್ಟೆ ಹಾಸಿದ್ದೇನೆ. ಈಚೆ ಗೋಡೆಗೆ ಒರಗಿ ಕುಳಿತುಕೊಳ್ಳಿ. ಎರ್ನಾಕುಳಂನ ಮೂರನೇ ಮಹಡಿಯ ಮನೆ, ಬೆಳಗಿನ ಆರು ಗಂಟೆ. ನಮ್ಮ ಕುಂಬಳೆಯಲ್ಲಿ ಈಗ ಆಟಿ ತಿಂಗಳು, ಇಲ್ಲಿಯವರಿಗೆ ಕರ್ಕಟಕ. ಮಳೆ ಮಾತ್ರ ಎರಡೂ ಕಡೆ ಒಂದೇ. ನಿನ್ನೆ ನೆನೆಸಿ ಗಂಜಿ ಬಿಡಿಸಿದ ಬಟ್ಟೆ ರಾತ್ರಿಯಿಡೀ ಫ್ಯಾನಿನಡಿ ತೂಗಾಡಿ ಈಗಷ್ಟೇ ಒಣಗಿದೆ. ಹತ್ತಿ ಬಟ್ಟೆ ಹೊಲಿಗೆಗೆ ಮೊದಲೇ ಕುಗ್ಗಿಬಿಡಬೇಕು. ಆಮೇಲೆ ಕುಗ್ಗಿದರೆ ಬಗಲಲ್ಲಿ ಹಿಡಿಯುತ್ತದೆ. ಬಣ್ಣ ನೋಡಿ. ಬಿಳಿಯಲ್ಲ, ಬಾಳೆದಿಂಡಿನ ಒಳಪದರದ ಬಣ್ಣ. ಅಂಚಿನಲ್ಲಿ ಎರಡು ಬೆರಳಗಲದ ಕಸವು, ಜರಿಯ ಪಟ್ಟಿ. ಕಿಟಕಿಯ ಬೂದು ಬೆಳಕಿನಲ್ಲೂ ಅದು ಸಣ್ಣಗೆ ಮಿನುಗುತ್ತಿದೆ.

ಮಗಳು ತಿರುವನಂತಪುರದಿಂದ ಫೋನಿನಲ್ಲಿ ಅಳತೆ ಕಳಿಸಿದ್ದಾಳೆ. ಎದೆ 36, ಭುಜ 14, ತೋಳು 17, ಉದ್ದ 42. ಅವಳಿಗೆ ಈಗ 27 ವರ್ಷ, ಟೆಕ್ನೋಪಾರ್ಕಿನಲ್ಲಿ ಕೆಲಸ. ಓಣಂಗೆ ಆಫೀಸಿನಲ್ಲಿ ಎಲ್ಲರೂ ಕಸವು ಸೀರೆ ಉಡುತ್ತಾರೆ, ಇವಳಿಗೆ ಕುರ್ತಾ ಆಗಬೇಕು. ‘ಅಮ್ಮಾ, ಕಿಸೆ ಮರೀಬೇಡ. ಎರಡೂ ಬದಿಗೆ. ಫೋನ್ ಪೂರ್ತಿ ಒಳಗೆ ಹೋಗ್ಬೇಕು.’

ಕತ್ತರಿ ಕೈಯಲ್ಲಿದೆ, ಬಟ್ಟೆಗೆ ಇಡಲು ಮನಸ್ಸಾಗುತ್ತಿಲ್ಲ. ಇದು ನೇಯ್ದದ್ದನ್ನು ಕಣ್ಣಾರೆ ನೋಡಿಬಂದವಳು ನಾನು. ಬಾಲರಾಮಪುರ, ತಿರುವನಂತಪುರದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋಗುವಷ್ಟು ದೂರ. 1798ರಿಂದ 1810ರವರೆಗೆ ತಿರುವಾಂಕೂರು ಆಳಿದ ಬಾಲರಾಮವರ್ಮನ ಕಾಲದಲ್ಲಿ ನಾಗರಕೋಯಿಲ್ ಕಡೆಯಿಂದ ಶಾಲಿಯ ನೇಕಾರರನ್ನು ಕರೆಸಿ ನೆಲೆಗೊಳಿಸಿದ ಊರು. ಅಲ್ಲಿ ಮುಂಜಾನೆ ಬೀದಿಯುದ್ದಕ್ಕೂ ಹಾಸುನೂಲು ಬಿಗಿದು, ಗಂಜಿ ಸವರಿ, ಬ್ರಷ್ಷಿನಿಂದ ನೀವುತ್ತಾರೆ. ಸೈಕಲ್ಲಿನವರು ಇಳಿದು ಬದಿಯಿಂದ ತಳ್ಳಿಕೊಂಡು ಹೋಗುತ್ತಾರೆ. ಮನೆಯೊಳಗೆ ಕುಳಿಮಗ್ಗ. ನೇಯುವವರ ಕಾಲು ನೆಲದೊಳಗಿನ ಗುಂಡಿಯಲ್ಲಿ, ಕೈ ಮಾತ್ರ ನಮ್ಮ ಕಣ್ಣಿಗೆ. ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯುತ್ತಾರೆ, ಎಳೆಗೆ ಒಂದು ಸಲ.

ಹಾಗೆ ನೇಯ್ದ ಬಟ್ಟೆಯ ಗುಣ ನೋಡಿ. ಈ ಬದಿ ತೋರಿಸಿದೆನಲ್ಲ, ಈಗ ತಿರುಗಿಸುತ್ತೇನೆ. ಗೊತ್ತಾಯಿತೇ? ಒಳಮೈ ಹೊರಮೈ ಎಂಬುದಿಲ್ಲ, ಕಸವೂ ಎರಡು ಕಡೆ ಒಂದೇ. ಎಡತೋಳಿನ ಬದಲು ಬಲತೋಳನ್ನೇ ಎರಡು ಸಲ ಕತ್ತರಿಸಿದರೂ ಒಂದನ್ನು ಮಗುಚಿ ಹಾಕಿದರಾಯಿತು. ಹೊಲಿಯುವವಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೇ?

ಕತ್ತರಿ ಇಟ್ಟೆ. ಕೇಳಿ, ಹಸಿ ಸೌತೆಕಾಯಿ ಹೆಚ್ಚಿದಂಥ ಸದ್ದು.

ಅವಳು ಶಾಲೆಗೆ ಹೋಗುವಾಗ ಲಂಗದ ಕೆಳಗೆ ಮೂರು ಇಂಚು ಮಡಚಿ ಹೊಲಿಯುತ್ತಿದ್ದೆ, ಬೆಳೆಯುವ ಮಗು ಎಂದು. ವರ್ಷಕ್ಕೊಂದು ಇಂಚು ಬಿಚ್ಚಿ ಇಳಿಸುವುದು. ಹಳೆಯ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ಹಾಕಿದರೂ ಹೋಗುತ್ತಿರಲಿಲ್ಲ. ಗೆರೆ ಎಣಿಸಿದರೆ ಅವಳು ಎಷ್ಟನೇ ಕ್ಲಾಸು ಎಂದು ಹೇಳಬಹುದಿತ್ತು. ಆಗ ನಾನು ಟೇಪು ಹಿಡಿಯುತ್ತಿದ್ದದ್ದೇ ಕಡಿಮೆ. ದಿನಕ್ಕೆರಡು ಸಲ ಜಡೆ ಹಾಕುವ ಕೈಗೆ ಭುಜದ ಅಗಲ ಗೊತ್ತಿರುತ್ತದೆ. ಈಗ ಅವಳ ಮೈ ನನಗೆ ಅಂಕಿಯಲ್ಲಿ ಬರುತ್ತದೆ. 14 ಎಂದರೆ 14. ಆದರೂ ಅಭ್ಯಾಸಬಲ, ಬದಿಗಳಲ್ಲಿ ಒಂದೊಂದು ಇಂಚು ಹೆಚ್ಚಿಗೆ ಬಿಟ್ಟೇ ಕತ್ತರಿಸಿದ್ದೇನೆ.

ಗುಂಡಿ ತರಲು ನಿನ್ನೆ ಬೋಟು ಹತ್ತಿ ಮಟ್ಟಾಂಚೇರಿಗೆ ಹೋಗಿದ್ದೆ. ತೆಂಗಿನ ಚಿಪ್ಪಿನ ಐದು ಗುಂಡಿ, ಇಗೋ. ಒಂದರಂತೆ ಇನ್ನೊಂದಿಲ್ಲ. ಬರುವಾಗ ಜ್ಯೂ ಟೌನಿನ ಓಣಿಯಲ್ಲಿ ನಡೆದೆ. ಓಣಿಯ ಕೊನೆಗೆ 1568ರ ಪರದೇಸಿ ಸಿನಗಾಗ್, ಅಲ್ಲಿಗೆ ತಲುಪುವ ಮೊದಲೇ ಸಾರಾ ಕೋಹೆನ್ ಅವರ ಕಸೂತಿ ಅಂಗಡಿ. ವರ್ಷಗಳ ಹಿಂದೆ ಆ ಕಿಟಕಿಯಲ್ಲಿ ಅವರನ್ನು ಕಂಡಿದ್ದೇನೆ, ಬೆಳಕು ಬೀಳುವ ಕಡೆಗೆ ಮುಖ ಮಾಡಿ ಕುಳಿತಿದ್ದರು. ಪ್ರಾರ್ಥನೆಯ ಟೋಪಿ, ಸಬ್ಬತ್ತಿನ ರೊಟ್ಟಿ ಮುಚ್ಚುವ ವಸ್ತ್ರ, ಮೇಜಿನ ಹಾಸು ಇವೆಲ್ಲದರ ಮೇಲೆ ಅವರ ಹೊಲಿಗೆ. ಅವರಿಗೆ ಮಕ್ಕಳಿರಲಿಲ್ಲ. 2019ರ ಆಗಸ್ಟಿನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರನ್ನು ನೋಡಿಕೊಂಡವರು ಥಾಹಾ ಇಬ್ರಾಹಿಂ. ಅಂಗಡಿಯನ್ನು ಮುಂದುವರಿಸಿದವರೂ ಅವರೇ. ಆ ಕಿಟಕಿಯ ಮುಂದೆ ನಿಂತು ನನಗೆ ಹೊಟ್ಟೆಯಲ್ಲಿ ಎಂಥದೋ ಆಯಿತು. ಯಾರ ತಲೆಗೋ, ಯಾರ ಮೇಜಿಗೋ ಅಷ್ಟು ಸಣ್ಣ ಹೊಲಿಗೆ ಹಾಕುತ್ತ ಅವರು ಕುಳಿತಿದ್ದರಲ್ಲ.

11ನೇ ನಂಬರಿನ ಸೂಜಿ ಹಾಕಿದ್ದೇನೆ. ದಪ್ಪ ಸೂಜಿ ಈ ಬಟ್ಟೆಗೆ ತೂತು ಮಾಡುತ್ತದೆ. ಕುತ್ತಿಗೆಗೆ ಕಸವು ನೇರವಾಗಿ ತಾಗಿದರೆ ಚುಚ್ಚುತ್ತದೆ, ಒಳಗೆ ಮಲ್ ಬಟ್ಟೆಯ ಪಟ್ಟಿ. ಮಧ್ಯಾಹ್ನದ ಹೊತ್ತಿಗೆ ಬದಿ, ತೋಳು, ಕಿಸೆ ಎಲ್ಲ ಕೂಡಿದವು. ಉಳಿದದ್ದು ಕಾಜಾ ಮತ್ತು ಕೆಳಅಂಚು.

ಶನಿವಾರ ನಸುಕಿನಲ್ಲಿ ನನ್ನ ಜೊತೆ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ. ಕೋಟ್ಟಯಂ ದಾರಿಯ ಗಾಡಿ. ಓಡುವ ರೈಲಿನಲ್ಲಿ ಅಂಚು ಹೊಲಿಯಬಹುದು, ಕಾಜಾ ಆಗದು. ಗಾಡಿ ನಿಂತಾಗ ಮಾತ್ರ ಅದು. ಒಂದೊಂದು ಸ್ಟೇಷನ್ನಿಗೆ ನಾಲ್ಕೈದು ಕುಣಿಕೆ. ಕೊಲ್ಲಂಗೆ ಮೊದಲು ಅಷ್ಟಮುಡಿ ಹಿನ್ನೀರು ಬರುತ್ತದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತುತ್ತೇನೆ. ಮಳೆ ನಿಂತಿದೆ. ನೀರಿನ ಬಣ್ಣ, ಮಡಿಲಲ್ಲಿರುವ ಬಟ್ಟೆಯ ಬಣ್ಣ, ಎರಡಕ್ಕೂ ಹೆಚ್ಚು ಅಂತರವಿಲ್ಲ. ದೂರದಲ್ಲಿ ದೋಣಿಯಲ್ಲೊಬ್ಬ ಬಲೆ ಎಳೆಯುತ್ತಿದ್ದಾನೆ.

ತಿರುವನಂತಪುರದ ತಂಪಾನೂರಿನಲ್ಲಿ ಇಳಿದರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇಂಡಿಯನ್ ಕಾಫಿ ಹೌಸ್. ಇಂಗ್ಲೆಂಡಿನಲ್ಲಿ ಹುಟ್ಟಿ ಈ ಊರಿನಲ್ಲೇ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಕಟ್ಟಿದ ಕೆಂಪಿಟ್ಟಿಗೆಯ ಸುರುಳಿ. ಮೆಟ್ಟಿಲಿಲ್ಲ, ನೆಲವೇ ಸುತ್ತುತ್ತ ಏರುತ್ತದೆ, ಗೋಡೆಗುಂಟ ಮೇಜುಗಳು. ಇಟ್ಟಿಗೆಯ ಕಿಂಡಿಗಳಿಂದ ಬಿಸಿಲಿನ ಚೌಕ ಚೌಕ. ಮಗಳು ನನಗಿಂತ ಮುಂದೆ ಹತ್ತುತ್ತಿದ್ದಾಳೆ, ಆ ಚೌಕಗಳು ಒಂದೊಂದಾಗಿ ಅವಳ ಬೆನ್ನ ಮೇಲೆ ಹಾಯುತ್ತವೆ. ನೀವೂ ನೋಡಿ, ಆಗಲೇ ನನಗೆ ಕಂಡದ್ದು: ಬಲಭುಜ ಎಡಕ್ಕಿಂತ ಕಾಲಿಂಚು ಕೆಳಗೆ. ಲ್ಯಾಪ್‌ಟಾಪ್ ಚೀಲ ತೂಗುವ ಭುಜ. 14 ಎಂಬ ಅಂಕಿಯಲ್ಲಿ ಅದು ಇರಲೇ ಇಲ್ಲ. ಬೀಟ್‌ರೂಟ್ ಹಾಕಿದ ಕೆಂಪು ಪಲ್ಯದ ಮಸಾಲೆದೋಸೆ ಮುಗಿಯುವವರೆಗೂ ನಾನು ಅವಳ ಭುಜವನ್ನೇ ನೋಡಿದೆ.

‘ಎಂತ ಅಮ್ಮ, ಹಾಗೆ ನೋಡ್ತಿ?’

‘ಎಂತ ಇಲ್ಲ ಮಗಾ. ತಿನ್ನು.’

ಕಳಕ್ಕೂಟ್ಟಂನ ಅವಳ ಕೋಣೆಯಲ್ಲಿ ಕುರ್ತಾ ತೊಟ್ಟು ನಿಂತಿದ್ದಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಲಭುಜದ ಹೊಲಿಗೆಯನ್ನು ಚಿವುಟಿ ಹಿಡಿದೆ. ಬಹಳ ವರ್ಷಗಳ ಮೇಲೆ ಅವಳ ಕತ್ತಿನ ಬಿಸಿ ನನ್ನ ಬೆರಳಿಗೆ ತಾಗಿತು. ಅವಳು ಬದಿಯ ಹೊಲಿಗೆ ಸವರಿ ನೋಡಿದಳು.

‘ಒಳಗೆ ಇಷ್ಟು ಬಟ್ಟೆ ಎಂತಕ್ಕೆ ಬಿಟ್ಟದ್ದು? ನಾನಿನ್ನು ಬೆಳೆಯುದಿಲ್ಲ.’

‘ಇರಲಿ.’

ಅವಳು ಫೋನನ್ನು ಕಿಸೆಗೆ ಇಳಿಸಿದಳು. ಪೂರ್ತಿ ಹೋಯಿತು. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು, ಕೆಳಅಂಚಿನ ಕಸವು ಕೋಣೆಯ ಟ್ಯೂಬ್‌ಲೈಟಿನಲ್ಲೂ ಮಿನುಗಿತು. ಆದರೆ ಫೋನಿನ ಭಾರಕ್ಕೆ ಬಲಬದಿ ಸ್ವಲ್ಪ ಜಗ್ಗುತ್ತಿದೆ. ಕಿಸೆಯ ಹಿಂದೆ ಒಂದು ಪಟ್ಟಿ ಕೊಟ್ಟು ಸೊಂಟದ ಹೊಲಿಗೆಗೆ ಸೇರಿಸಬೇಕು. ಅದೇ ಬಟ್ಟೆಯ ತುಂಡು ನನ್ನ ಕೈಚೀಲದಲ್ಲಿ ಉಂಟು.