ಮೊಣಕಾಲಿನ ವ್ಯಾಕರಣ

ಮೊಣಕಾಲಿಗೆ ಒಂದು ದೊಡ್ಡ ಗುಣವುಂಟು. ತಾನು ನೆಟ್ಟಗಿರುವಷ್ಟು ಕಾಲ ಅದು ತನ್ನ ಇರವನ್ನೇ ಒಡೆಯನಿಗೆ ತಿಳಿಯಗೊಡುವುದಿಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನು ಇಪ್ಪತ್ತರ ಹರೆಯದಲ್ಲಿ ಏರುವವನು ಬಂಡೆಯನ್ನು ನೋಡುತ್ತಾನೆ, ಕೋತಿಗಳನ್ನು ನೋಡುತ್ತಾನೆ, ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ ನೀರು ಸಿಕ್ಕಿತೇ ಎಂದು ನೋಡುತ್ತಾನೆ. ತನ್ನನ್ನು ಅಲ್ಲಿಯವರೆಗೆ ಹೊತ್ತು ತಂದ ಮೊಣಕಾಲಿನ ಕಡೆಗೆ ಮಾತ್ರ ನೋಡುವುದಿಲ್ಲ. ಅದೇ ಮನುಷ್ಯ ಅರವತ್ತರಲ್ಲಿ ಅಲ್ಲಿಗೆ ಬಂದರೆ ಬಂಡೆಯೂ ಬೇಡ, ಕೋತಿಯೂ ಬೇಡ. ಮೆಟ್ಟಿಲು ಎಷ್ಟು ಎಂಬುದೊಂದೇ ಪ್ರಶ್ನೆ. ನಲವತ್ತು ವರ್ಷ ಮೌನವಾಗಿ ದುಡಿದ ಸೇವಕ ಬಾಯಿ ತೆರೆದನೆಂದರೆ ಯಜಮಾನನಿಗೆ ಬೇರೆ ಮಾತು ಕೇಳಿಸುವುದಿಲ್ಲ.

ಈ ಬೇನೆಗೆ ಕನ್ನಡದಲ್ಲಿ ಸಂಧಿವಾತವೆಂಬ ಹೆಸರು ಹಳೆಯದು. ವೈದ್ಯರು ಇದನ್ನೇ ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಸಂಧಿ ಎಂದೊಡನೆ ಶಾಲೆಗೆ ಹೋದವರಿಗೆಲ್ಲ ವ್ಯಾಕರಣದ ತರಗತಿ ನೆನಪಾಗಬೇಕು. ಅಕ್ಷರಗಳೆರಡು ಕೂಡುವೆಡೆಯಲ್ಲಿ ಒಂದು ಬಿಟ್ಟುಹೋದರೆ ಲೋಪ, ಹೊಸತೊಂದು ಬಂದು ಸೇರಿದರೆ ಆಗಮ, ಒಂದರ ಸ್ಥಾನದಲ್ಲಿ ಇನ್ನೊಂದು ಕುಳಿತರೆ ಆದೇಶ. ಊರಲ್ಲಿ, ಮನೆಯಲ್ಲಿ, ಮಳೆಗಾಲ. ಎಲುಬುಗಳೆರಡು ಕೂಡುವೆಡೆಯಲ್ಲಿಯೂ ಈ ಮೂರು ಕಾರ್ಯಗಳು ನಡೆಯುವುದು ವಿನೋದವೇ ಸರಿ. ಎಲುಬಿನ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿ ತೆಳುವಾಗುವುದು ಲೋಪ. ಕೀಲಿನ ಅಂಚಿನಲ್ಲಿ ಬೇಡದ ಎಲುಬು ಮುಳ್ಳಿನಂತೆ ಬೆಳೆಯುವುದು ಆಗಮ. ಕೊನೆಗೆ ಶಸ್ತ್ರವೈದ್ಯ ಹಳೆಯ ಕೀಲನ್ನು ತೆಗೆದು ಲೋಹದ ಕೀಲನ್ನು ಕೂರಿಸಿದರೆ ಅದೇ ಆದೇಶ. ಆದರೆ ನಮ್ಮ ಜನ ಲೋಪಸಂಧಿಯೊಂದನ್ನೇ ಕಲಿತು ಪುಸ್ತಕ ಮುಚ್ಚಿದ್ದಾರೆ. ಅವರ ಬಾಯಲ್ಲಿ ಈ ರೋಗಕ್ಕೆ ಇರುವುದು ಒಂದೇ ಮಾತು: ಸವೆತ.

ಈ ಮಾತು ಒಂದು ಮನೆಯಲ್ಲಿ ಏನು ಮಾಡಬಲ್ಲುದು ಎಂಬುದನ್ನು ದೊಡ್ಡಬಳ್ಳಾಪುರದ ಯಾವ ನೇಕಾರರ ಬೀದಿಯಲ್ಲಿಯಾದರೂ ನೋಡಬಹುದು. ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳ ಖಟಪಟ, ಹಿಂಭಾಗದಲ್ಲಿ ಸಂಸಾರ. ಹಿರಿಯಾಕೆಗೆ ಅರವತ್ತೈದು ಕಳೆದಿದೆ. ನಿನ್ನೆಯವರೆಗೆ ನೂಲು ಸುತ್ತಿದವಳು, ನೀರು ಹಿಡಿದವಳು, ಸಂತೆಗೆ ಹೋಗಿ ಅವರೆಕಾಯಿಯನ್ನು ಮೂಸಿ ನೋಡಿ ಸೊಗಡಿದ್ದರೆ ಮಾತ್ರ ಕೊಂಡವಳು. ಮಂಡಿ ನೋವೆಂದು ಎಕ್ಸ್‌ರೇ ತೆಗೆಸಿ ತಂದ ದಿನದಿಂದ ಮನೆಯ ರೀತಿಯೇ ಬದಲಾಗುತ್ತದೆ. "ಅತ್ತೆ, ನೀವು ಏಳಬೇಡಿ, ಕಾಫಿ ಅಲ್ಲಿಗೇ ತರ್ತೀನಿ" ಎನ್ನುತ್ತಾಳೆ ಸೊಸೆ. "ಅಮ್ಮಾ, ಸವೆದುಹೋಗಿದೆ ಅಂತ ಹೇಳವ್ರೆ. ಇರೋದನ್ನಾದರೂ ಉಳಿಸ್ಕೊ, ಸುಮ್ನೆ ಕೂತಿರು" ಎನ್ನುತ್ತಾನೆ ಮಗ. "ಕುಂತಷ್ಟೂ ಹಿಡ್ಕೊಳ್ತದೆ ಕಣಪ್ಪಾ" ಎಂದು ಆಕೆ ಗೊಣಗಿದರೂ ಕೇಳುವವರಿಲ್ಲ. ಒಂದು ವರ್ಷದಲ್ಲಿ ಸಂತೆ ನಿಂತಿತು, ಆರು ತಿಂಗಳಲ್ಲಿ ಎದುರುಮನೆಯ ಹರಟೆ ನಿಂತಿತು. ಪ್ರೀತಿಯಿಂದ ಹಾಕಿದ ಕುರ್ಚಿ ಸೆರೆಮನೆಯಾಯಿತು. ಯಾರ ತಪ್ಪೂ ಇಲ್ಲ. ಎಲ್ಲರೂ ಒಂದು ಮಾತನ್ನು ನಂಬಿದರು, ಅಷ್ಟೆ.

ಸವೆತವೆಂದರೆ ಬಂಡಿಯ ಗಾಲಿಯಂತೆ ಬಳಸಿದಷ್ಟೂ ತೇಯುವುದು ಎಂದರ್ಥ. ಮೊಣಕಾಲು ಹಾಗಿದ್ದಲ್ಲಿ ಹೆಚ್ಚು ನಡೆದ ಪೂರ್ವಿಕರಲ್ಲಿ ರೋಗ ಹೆಚ್ಚಾಗಿರಬೇಕಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಯಾನ್ ವಾಲೇಸ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಈ ಪ್ರಶ್ನೆಯನ್ನು ಅಸ್ಥಿಪಂಜರಗಳಿಗೇ ಕೇಳಿದರು. ಎರಡು ಸಾವಿರಕ್ಕೂ ಮೀರಿದ ಪಂಜರಗಳ ಮೊಣಕಾಲುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅವರ ಲೆಕ್ಕ ಹೀಗಿದೆ: ಇತಿಹಾಸಪೂರ್ವದ ಬೇಟೆಗಾರರು ಮತ್ತು ಬೇಸಾಯಗಾರರಲ್ಲಿ ನೂರಕ್ಕೆ 8, ಕೈಗಾರಿಕೆಯ ಆರಂಭಕಾಲದವರಲ್ಲಿ ನೂರಕ್ಕೆ 6, ಇತ್ತೀಚಿನ ತಲೆಮಾರುಗಳವರಲ್ಲಿ ನೂರಕ್ಕೆ 16. ಇಂದಿನವರು ಹೆಚ್ಚು ಕಾಲ ಬದುಕುತ್ತಾರೆ, ದಪ್ಪವೂ ಹೆಚ್ಚು ಎಂದು ವಾದಿಸಬಹುದು. ಆಯುಸ್ಸನ್ನೂ ತೂಕವನ್ನೂ ಲೆಕ್ಕದಲ್ಲಿ ಕಳೆದ ಮೇಲೆಯೂ, ಅಮೆರಿಕದಲ್ಲಿ ಈ ಬೇನೆ ಇಪ್ಪತ್ತನೆಯ ಶತಮಾನದ ಮಧ್ಯದಿಂದೀಚೆಗೆ ಇಮ್ಮಡಿಯಾಗಿರುವುದು ಅವರಿಗೆ ಕಂಡುಬಂದಿತು. ಕುಳಿತಿರುವವರ ಕಾಲದಲ್ಲಿ ನಡೆದಾಡುವವರ ರೋಗ ಹೆಚ್ಚಿತೆಂದರೆ ಸವೆತದ ಸಿದ್ಧಾಂತ ಎಲ್ಲಿಯೋ ಕುಂಟುತ್ತಿದೆಯೆಂದೇ ಅರ್ಥ.

ಭರತಖಂಡದ ಲೆಕ್ಕವೂ ಇದಕ್ಕೆ ವಿರುದ್ಧವಾಗಿಲ್ಲ. ಬೆಂಗಳೂರು, ಪುಣೆ, ಆಗ್ರಾ, ಕೋಲ್ಕತ್ತ, ಡೆಹ್ರಾಡೂನ್ ಈ ಐದು ಕೇಂದ್ರಗಳಲ್ಲಿ, ನಗರ, ಪಟ್ಟಣ, ಹಳ್ಳಿಗಳನ್ನು ಒಳಗೊಂಡು ನಡೆದ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ 28.7 ಮಂದಿಗೆ ಮೊಣಕಾಲಿನ ಸಂಧಿವಾತವಿತ್ತು. ಅದಕ್ಕೆ ಒಡನಾಡಿಗಳಾಗಿ ಕಂಡುಬಂದ ಸಂಗತಿಗಳು ನಾಲ್ಕು: ವಯಸ್ಸು, ಸ್ತ್ರೀಯಾಗಿರುವುದು, ಬೊಜ್ಜು, ಮತ್ತು ಕುಳಿತು ಮಾಡುವ ಕೆಲಸ. ಹಾಗೆಂದು ದುಡಿಮೆ ಪೂರ್ತಿ ನಿರಪರಾಧಿಯೂ ಅಲ್ಲ. ವರ್ಷಗಟ್ಟಲೆ ಭಾರ ಎತ್ತುವವರಿಗೆ, ಮಂಡಿಯೂರಿಯೋ ಕುಕ್ಕರುಗಾಲಿನಲ್ಲಿಯೋ ದಿನವಿಡೀ ಕೆಲಸ ಮಾಡುವವರಿಗೆ ಅಪಾಯ ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಹೊಸಕೋಟೆಯ ತರಕಾರಿ ತೋಟದಲ್ಲಿ ಕಳೆ ಕೀಳುವ ಹೆಂಗಸಿಗೂ, ದೇವನಹಳ್ಳಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿಬಂದು ಮತ್ತೆ ಸೋಫಾದಲ್ಲಿ ಕೂರುವ ಗುಮಾಸ್ತನಿಗೂ ಮೊಣಕಾಲು ನೋಯುತ್ತದೆ. ಒಬ್ಬರಿಗೆ ಅತಿಭಾರ, ಒಬ್ಬರಿಗೆ ಅತಿವಿಶ್ರಾಂತಿ. ಒಂದೇ ಉಪದೇಶ ಇಬ್ಬರಿಗೂ ಸಲ್ಲದು.

ಕೀಲಿನ ಒಳಮನೆಯ ವ್ಯವಹಾರವನ್ನು ತಿಳಿದರೆ ಇದರ ಮರ್ಮ ಹೊಳೆಯುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ಲೋಳೆಯಂತಹ ದ್ರವವೇ ಅದರ ಅನ್ನ. ಹೆಜ್ಜೆಯ ಭಾರ ಬಿದ್ದಾಗ ಅದು ಸ್ಪಂಜಿನಂತೆ ಅದುಮಿಕೊಳ್ಳುತ್ತದೆ, ಭಾರ ಸರಿದಾಗ ದ್ರವವನ್ನು ಹೀರಿಕೊಳ್ಳುತ್ತದೆ. ಎಂದರೆ ನಡೆದರೇ ಅದಕ್ಕೆ ಊಟ. ಗಾಲಿಗೆ ಈ ಭಾಗ್ಯವಿಲ್ಲ; ಗಾಲಿ ಜಡ, ಕೀಲು ಜೀವಂತ. ಮೃದ್ವಸ್ಥಿಗೆ ನರಗಳೂ ಇಲ್ಲ. ಆದುದರಿಂದ ಅದು ತೆಳುವಾದ ಮಾತ್ರಕ್ಕೆ ತಾನಾಗಿ ನೋಯದು; ನೋವು ಹುಟ್ಟುವುದು ಅದರಡಿಯ ಎಲುಬಿನಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಲಿನ ಕಟ್ಟುಗಳಲ್ಲಿ. ಇಡೀ ಕೀಲಿನಲ್ಲಿ ಸಣ್ಣಗೆ ಉರಿಯುವ ಉರಿಯೂತವೇ ಈ ಬೇನೆಯ ದೊಡ್ಡ ಭಾಗವೆಂದು ಇಂದಿನ ಸಂಶೋಧಕರು ಎಣಿಸುತ್ತಾರೆ. ಎಕ್ಸ್‌ರೇಯಲ್ಲಿ ಕೀಲು ಕೆಟ್ಟಂತೆ ಕಂಡರೂ ನೋವಿಲ್ಲದೆ ಓಡಾಡುವವರು ಇರುವುದು, ಚಿತ್ರ ಚೆನ್ನಾಗಿದ್ದರೂ ನರಳುವವರು ಇರುವುದು ಇದರಿಂದಲೇ. ಚಿತ್ರಪಟ ಜಾತಕವಲ್ಲ.

ಸವೆತದ ವಿವರಣೆ ಸಾಲದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದಾರುಣ ನಿದರ್ಶನವುಂಟು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, 1970ರ ದಶಕದ ನಡುವೆ, ಬಡ ಕೃಷಿಕಾರ್ಮಿಕರ ಮನೆಗಳಲ್ಲಿ ಎಳೆಯರಿಗೂ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಕೆಡುತ್ತಿರುವುದು ಬೆಳಕಿಗೆ ಬಂದಿತು. ಕೆಲವರು ಕುಳ್ಳಾಗಿಯೇ ಉಳಿದರು, ಕೆಲವರು ತೆವಳುವಂತಾದರು. ಕೀಟನಾಶಕ ಬಿದ್ದ ಗದ್ದೆಯ ಏಡಿಯನ್ನು ತಿಂದುದೇ ಕಾರಣವೆಂಬ ಸಂಶಯ ಮೊದಲು ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ, ಇದು ಮಲೆನಾಡಿನ ಕೆಲವು ಕುಟುಂಬಗಳಲ್ಲಿ ಬೇರೂರಿದ ಬೇನೆಯೆಂದು 1977ರಲ್ಲಿ ಬರೆದರು. 1990ರ ದಶಕದ ಅಧ್ಯಯನಗಳು, ಇದು ವಂಶಪಾರಂಪರ್ಯದ ಎಲುಬಿನ ದೋಷವೆಂದೂ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟೆಂದೂ ತೋರಿಸಿದವು. ಮುದುಕರ ಮಂಡಿನೋವು ಹಂದಿಗೋಡು ರೋಗವಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು. ಆದರೆ ಒಂದು ಪಾಠ ಎರಡಕ್ಕೂ ಸಮಾನ: ಇನ್ನೂ ಆಟವಾಡುವ ವಯಸ್ಸಿನ ಮಗುವಿನ ಕೀಲು ಯಾವ ದುಡಿಮೆಯಿಂದ ಸವೆಯಬೇಕು?

ಇನ್ನು ಮದ್ದಿನ ವಿಷಯ. ಮೃದ್ವಸ್ಥಿಯನ್ನು ಮತ್ತೆ ಬೆಳೆಸಿ ರೋಗವನ್ನೇ ನಿಲ್ಲಿಸುವ ಔಷಧ ಇಂದಿನವರೆಗೆ ಮನ್ನಣೆ ಪಡೆದು ಬಂದಿಲ್ಲ. ಅದು ಬರುವವರೆಗೆ ಅಂಗಡಿಗಳು ಸುಮ್ಮನಿರುತ್ತವೆಯೆ? ಗ್ಲೂಕೋಸಮೈನ್, ಕಾಂಡ್ರಾಯಿಟಿನ್ ಎಂಬ ಗುಳಿಗೆಗಳ ಮಾರಾಟ ಭರದಿಂದ ಸಾಗಿದೆ. ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಟ್ಟು ರೋಗಿಗಳನ್ನು ತೆಗೆದುಕೊಂಡರೆ ಇವು ಹುಸಿಮದ್ದಿಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಇದಕ್ಕಿಂತ ಸ್ವಾರಸ್ಯವಾದುದು ಹ್ಯೂಸ್ಟನ್ ನಗರದ ಪರೀಕ್ಷೆ. ನಳಿಕೆ ತೂರಿಸಿ ಮೊಣಕಾಲಿನ ಒಳಗನ್ನು ತೊಳೆದು ಕೆರೆಯುವ ಶಸ್ತ್ರಕ್ರಿಯೆ ಆಗ ಬಹು ಪ್ರಚಾರದಲ್ಲಿತ್ತು. 180 ರೋಗಿಗಳನ್ನು ಚೀಟಿಯೆತ್ತಿದಂತೆ ಮೂರು ಪಾಲು ಮಾಡಿ, ಒಂದು ಪಾಲಿನವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ ಹೊಲಿದು ಕಳುಹಿಸಿದರು. 2002ರಲ್ಲಿ ಹೊರಬಿದ್ದ ಫಲಿತಾಂಶದಂತೆ, ಎರಡು ವರ್ಷಗಳವರೆಗೂ ನಿಜ ಶಸ್ತ್ರಕ್ರಿಯೆಯವರು ಹುಸಿ ಶಸ್ತ್ರಕ್ರಿಯೆಯವರಿಗಿಂತ ಸುಖವಾಗಿರಲಿಲ್ಲ. ನಂಬಿಕೆಗೂ ಮದ್ದಿನ ಗುಣವಿದೆ. ಆದರೆ ಅದಕ್ಕೆ ಅಷ್ಟು ಬೆಲೆ ತೆರಬೇಕಾಗಿಲ್ಲ.

ತೂಕ ಇಳಿಸುವುದರ ಮಾತು ಬೇರೆ. ಸ್ಥೂಲಕಾಯದ ಹಿರಿಯರ ಮೇಲೆ ನಡೆದ 2005ರ ಅಧ್ಯಯನದ ಪ್ರಕಾರ, ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲೆ ಬೀಳುವ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಸೆಮಾಗ್ಲೂಟೈಡ್ ಎಂಬ ಹೊಸ ಔಷಧವನ್ನು, ಬೊಜ್ಜೂ ಮಂಡಿನೋವೂ ಇದ್ದ 407 ಮಂದಿಯ ಪರೀಕ್ಷೆಯೊಂದರಲ್ಲಿ 68 ವಾರ ಕೊಟ್ಟು ನೋಡಿದ ವರದಿ 2024ರಲ್ಲಿ ಬಂದಿತು. ನೂರು ಅಂಕದ ಅಳತೆಯಲ್ಲಿ ಅವರ ನೋವು 41.7 ಅಂಕ ಇಳಿಯಿತು. ಹುಸಿಮದ್ದು ಪಡೆದವರಲ್ಲಿ ಇಳಿದುದು 27.5. ಆಹಾರ ನಿಯಮವೂ ವ್ಯಾಯಾಮವೂ ಎರಡು ಪಂಗಡಕ್ಕೂ ಇದ್ದವೆಂಬುದನ್ನು ಮರೆಯಬಾರದು. ಇದು ವೈದ್ಯರ ಕಣ್ಣೆದುರಿನಲ್ಲಿಯೇ ತೆಗೆದುಕೊಳ್ಳಬೇಕಾದ ಮದ್ದು. ನೆರೆಮನೆಯವರಿಂದ ಕಡ ತರುವಂತಹುದಲ್ಲ.

ಬೆಂಗಳೂರಿನಲ್ಲಿಯೇ ಜಾನ್ ಎಬ್ನೆಜರ್ ಮತ್ತು ಅವರ ಸಂಗಡಿಗರು 250 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಸಾಮಾನ್ಯ ಚಿಕಿತ್ಸಾ ವ್ಯಾಯಾಮವನ್ನೂ ಕಲಿಸಿ, 2012ರಲ್ಲಿ ಫಲ ಪ್ರಕಟಿಸಿದರು. ಯೋಗದವರ ನೋವೂ ಬಿಗುಪೂ ಹೆಚ್ಚು ತಗ್ಗಿದ್ದವು. ತಾನು ಮಾಡುತ್ತಿರುವುದು ಯೋಗವೆಂದು ರೋಗಿಗೆ ಗೊತ್ತಿರುವುದರಿಂದ ಇಂತಹ ಪರೀಕ್ಷೆಗೆ ಅದರದೇ ಮಿತಿಯುಂಟು. ವ್ಯಾಯಾಮದ ಪ್ರಯೋಜನ ಪವಾಡವಲ್ಲ, ಸಾಧಾರಣವಾದುದು, ಬಿಟ್ಟರೆ ಬಿಟ್ಟುಹೋಗುವುದು ಎಂದು ಜಗತ್ತಿನ ಪರೀಕ್ಷೆಗಳನ್ನೆಲ್ಲ ಒಟ್ಟು ನೋಡಿದವರು ಹೇಳುತ್ತಾರೆ. ಆದರೆ ನೋವಿನ ಗುಳಿಗೆಯಂತೆ ಅದು ಹೊಟ್ಟೆಯನ್ನು ಸುಡುವುದಿಲ್ಲ, ಮೂತ್ರಪಿಂಡವನ್ನು ಕಾಡುವುದಿಲ್ಲ. ಮೇಲಾಗಿ ತೊಡೆಯ ಸ್ನಾಯುವಿಗೆ ಬಲ ಬಂದರೆ ಮೊಣಕಾಲಿಗೆ ಒಬ್ಬ ಜೊತೆಗಾರ ಸಿಕ್ಕಂತೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ದಿನಕ್ಕೆ ಕೆಲವು ಬಾರಿ ಮಾಡುವುದಕ್ಕೆ ಯಾವ ಯಂತ್ರವೂ ಬೇಡ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಾಗಿಲ್ಲ. ಮರುದಿನಕ್ಕೂ ಅದು ಏರಿಯೇ ಇದ್ದರೆ ತುಸು ಕಡಿಮೆ ಮಾಡಿದರಾಯಿತು. ಕೀಲು ಏಕಾಏಕಿ ಊದಿ ಕೆಂಪಾದರೆ, ಜ್ವರ ಬಂದರೆ, ಬೆಳಗಿನ ಬಿಗುಪು ಗಂಟೆಗಟ್ಟಲೆ ಬಿಡದಿದ್ದರೆ ಅದು ಬೇರೆ ರೋಗವಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಲೋಪ, ಆಗಮಗಳು ಮಿತಿಮೀರಿ, ರಾತ್ರಿ ನಿದ್ರೆಯೂ ಹಗಲಿನ ನಡಿಗೆಯೂ ಕೆಟ್ಟಲ್ಲಿ ಆದೇಶಸಂಧಿಯೇ ಗತಿ. ಅದು ಸೋಲಲ್ಲ. ಕೃತಕ ಮೊಣಕಾಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿದ್ದರಿಂದ ಮಧ್ಯಮ ವರ್ಗದವರಿಗೆ ಅದು ಮೊದಲಿಗಿಂತ ಕೈಗೆಟಕುವಂತಾಗಿದೆ. ಆದರೆ ಹೊಸ ಕೀಲು ಹಾಕಿಸಿಕೊಂಡವರನ್ನು ವೈದ್ಯರು ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಎಬ್ಬಿಸಿ ನಡೆಸುವುದನ್ನು ಗಮನಿಸಬೇಕು. ಲೋಹದ ಕೀಲಿಗೇ ನಡಿಗೆ ಬೇಕೆಂದ ಮೇಲೆ, ಜೀವವಿರುವ ಕೀಲಿಗೆ ಬೇಡವೆ?

ಮುಪ್ಪನ್ನು ಯಾರೂ ತಡೆಯಲಾರರು. ನೋವನ್ನೂ ಪೂರ್ತಿ ಕಳೆಯಲಾರರು. ಮನೆಮಂದಿಯ ಕೈಯಲ್ಲಿರುವುದು ಒಂದು ಮಾತನ್ನು ಬದಲಾಯಿಸುವುದು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದ ಮಗ ಎಕ್ಸ್‌ರೇ ಹಿಡಿದು "ಎಷ್ಟು ಸವೆದಿದೆ, ಡಾಕ್ಟರೆ?" ಎಂದು ಕೇಳುವುದು ರೂಢಿ. ಅದರ ಬದಲು, "ನಮ್ಮಮ್ಮ ದಿನಕ್ಕೆ ಎಷ್ಟು ನಡೆಯಬಹುದು, ಸಂತೆಗೆ ಹೋಗಿಬರಬಹುದೆ?" ಎಂದು ಕೇಳಲಿ. ಉತ್ತರ ಬಹುಮಟ್ಟಿಗೆ ಅವನು ಹೆದರಿದ್ದಕ್ಕಿಂತ ಉದಾರವಾಗಿರುತ್ತದೆ. ಹಿಂದಿರುಗುವ ದಾರಿಯಲ್ಲಿ ಆಟೋ ರಿಕ್ಷಾವನ್ನು ಬೀದಿಯ ತಿರುವಿನಲ್ಲಿಯೇ ನಿಲ್ಲಿಸಿ, ಮನೆಯವರೆಗೆ ಆಕೆಯ ಜೊತೆಯಲ್ಲಿ, ಆಕೆಯ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿ ನಡೆದರೆ ಇನ್ನೂ ಒಳ್ಳೆಯದು.